ನಾಗಪುರದ ಕಿತ್ತಳೆ ತೋಟದಲ್ಲಿ ನಿಂಬೆ ಬೆಳೆಗಾರರು ನೋಡಬೇಕಾದದ್ದೇನು?

ಪ್ರಶ್ನೆ: ನಾವು ಇಂಡಿ ಭಾಗದ ನಿಂಬೆ ಬೆಳೆಗಾರರು. ನಮ್ಮ ಗುಂಪನ್ನು ಅಧ್ಯಯನ ಪ್ರವಾಸಕ್ಕೆಂದು ನಾಗಪುರದ ಕಡೆಗೆ ಕರೆದೊಯ್ಯುವ ಮಾತು ನಡೆದಿದೆ. ಅಲ್ಲಿರುವುದು ಕಿತ್ತಳೆ, ನಮ್ಮದು ನಿಂಬೆ. ಹೋಗಿ ಬಂದರೆ ಪ್ರಯೋಜನವಿದೆಯೇ? ಹೋದರೆ ಏನು ನೋಡಬೇಕು, ಏನು ಕೇಳಬೇಕು?

ಉತ್ತರ: ಪ್ರಯೋಜನವಿದೆ, ಆದರೆ ಅದು ಮರದ ಮೇಲಿನ ಹಣ್ಣಿಗಿಂತ ಮರದ ಬುಡದಲ್ಲಿ ಹೆಚ್ಚಾಗಿದೆ. ವಿದರ್ಭದ ಕಾಟೋಲ್, ನರಖೇಡ್, ವರೂಡ್, ಮೋರ್ಶಿ ತಾಲ್ಲೂಕುಗಳ ಕಿತ್ತಳೆ ತೋಟಗಳಲ್ಲಿ ಬಹಳಷ್ಟು ನಿಂತಿರುವುದು ಎರೆ ಮಣ್ಣಿನಲ್ಲಿ. ಮಳೆಗಾಲದಲ್ಲಿ ನೀರು ಹಿಡಿದಿಟ್ಟುಕೊಂಡು, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಆ ಮಣ್ಣಿನ ಸ್ವಭಾವವನ್ನು ವಿಜಯಪುರದ ರೈತರಿಗೆ ಯಾರೂ ವಿವರಿಸಬೇಕಾಗಿಲ್ಲ. ಬೆಳೆ ಬೇರೆಯಾದರೂ ಕುಲ ಒಂದೇ, ಮಣ್ಣಿನ ಕಾಟವೂ ಬಹುಮಟ್ಟಿಗೆ ಒಂದೇ. ಇದರ ಜೊತೆಗೆ, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಅಡಿಯಲ್ಲಿ 1985ರಲ್ಲಿ ಆರಂಭವಾದ, ಇಂದು ಕೇಂದ್ರೀಯ ಸಿಟ್ರಸ್ ಸಂಶೋಧನಾ ಸಂಸ್ಥೆ ಎಂಬ ಹೆಸರಿನಲ್ಲಿರುವ ಕೇಂದ್ರವು ನಾಗಪುರದಲ್ಲಿಯೇ ಇದ್ದು, ಕಿತ್ತಳೆ, ಮೋಸಂಬಿಗಳ ಜೊತೆಗೆ ನಿಂಬೆಯ ಮೇಲೂ ಕೆಲಸ ಮಾಡುತ್ತದೆ.

ಮೊದಲು ನೋಡಬೇಕಾದದ್ದು ಕಸಿ ಕೂಡಿದ ಗಂಟನ್ನು. ಅಲ್ಲಿ ಕಿತ್ತಳೆಯನ್ನು ಸಾಮಾನ್ಯವಾಗಿ ಜಂಬೇರಿ ಅಥವಾ ರಂಗಪುರ ನಿಂಬೆ ಎಂಬ ಗಟ್ಟಿ ಬೇರಿನ ನಿಂಬೆ ಜಾತಿಗಳ ಬೇರುಸಸಿಯ ಮೇಲೆ ಕಣ್ಣುಕಸಿ ಮಾಡುತ್ತಾರೆ. ಒಳ್ಳೆಯ ತೋಟದಲ್ಲಿ ಆ ಗಂಟು ನೆಲದಿಂದ ಒಂದು ಗೇಣಿನಷ್ಟಾದರೂ ಮೇಲೆ ಕಾಣುತ್ತದೆ. ಕಾಣದಿದ್ದರೆ ಬುಡದ ಮಣ್ಣನ್ನು ಕೈಯಿಂದ ಸರಿಸಿ ನೋಡಲು ತೋಟದವರ ಅನುಮತಿ ಕೇಳಿ. ಗಂಟು ಮಣ್ಣಿನೊಳಗೆ ಹೂತಿದ್ದರೆ, ಅದರ ಸುತ್ತ ಜೇನಿನ ಬಣ್ಣದ ಅಂಟು ಹನಿಗಟ್ಟಿ ಒಣಗಿರುವುದು, ಉಗುರಿನಿಂದ ತೊಗಟೆ ಕೆರೆದರೆ ಒಳಗೆ ಹಸಿರಿನ ಬದಲು ಕಂದು ಕಾಣುವುದು ಅಪರೂಪವಲ್ಲ. ಇದು ಫೈಟಾಫ್ತೋರಾ ಎಂಬ ಮಣ್ಣಿನ ರೋಗಾಣುವಿನ ಕೆಲಸ. ಅಲ್ಲಿಯೇ ಮರದ ನೆರಳಿನ ಅಂಚಿನಲ್ಲಿ ನಾಲ್ಕು ಬೆರಳು ಅಗೆದು ಒಂದು ತಂತುಬೇರನ್ನು ಎತ್ತಿಕೊಂಡು ಎರಡು ಬೆರಳುಗಳ ನಡುವೆ ಹಿಡಿದೆಳೆದು ನೋಡಿ. ಆರೋಗ್ಯವಂತ ಬೇರು ಇಡಿಯಾಗಿ ಉಳಿಯುತ್ತದೆ. ಕೊಳೆತ ಬೇರಿನ ಮೇಲ್ಸಿಪ್ಪೆ ಒರೆಯಂತೆ ಕಳಚಿ ಬಂದು, ಒಳಗಿನ ಬಿಳಿ ದಾರವೊಂದೇ ಕೈಯಲ್ಲಿ ಉಳಿಯುತ್ತದೆ. ಊರಿಗೆ ಮರಳಿದ ಮೇಲೆ ನಿಮ್ಮ ಹಳದಿಗಟ್ಟಿದ ನಿಂಬೆ ಗಿಡದ ಬುಡದಲ್ಲಿಯೂ ಇದೇ ಪರೀಕ್ಷೆಯನ್ನು ಮಾಡಬಹುದು. ಗೊಬ್ಬರ ಸಾಲದೆಂದು ತಿಳಿದು ವರ್ಷಗಟ್ಟಲೆ ಗೊಬ್ಬರ ಸುರಿದ ಎಷ್ಟೋ ಗಿಡಗಳ ನಿಜವಾದ ತೊಂದರೆ ಬೇರಿನಲ್ಲಿರುತ್ತದೆ.

ನಿಂಬೆಯಲ್ಲಿ ಕಸಿ ಎಲ್ಲಿದೆ ಎಂದು ನೀವು ಕೇಳಬಹುದು. ನಮ್ಮ ಕಾಗ್ಜಿ ನಿಂಬೆಯನ್ನು ಹೆಚ್ಚಾಗಿ ಬೀಜದಿಂದಲೇ ಬೆಳೆಸುತ್ತೇವೆ ಎಂಬುದು ನಿಜ. ಒಂದು ಬೀಜದಿಂದ ಎರಡು ಮೂರು ಮೊಳಕೆ ಬರುವುದನ್ನು ಸಸಿ ಬೆಳೆಸುವವರೆಲ್ಲ ಕಂಡಿರುತ್ತಾರೆ. ಅವುಗಳಲ್ಲಿ ಹೆಚ್ಚಿನವು ತಾಯಿ ಮರದ ಗುಣವನ್ನೇ ಹೊತ್ತು ಬರುವುದರಿಂದ ಬೀಜದ ಸಸಿಯಲ್ಲಿ ದೋಷವೇನೂ ಇಲ್ಲ. ಆದ್ದರಿಂದ ಕಸಿಯ ಪಾಠವನ್ನು ಹಾಗೆಯೇ ಹೊತ್ತು ತರುವ ಅಗತ್ಯವಿಲ್ಲ. ಬುಡಕ್ಕೆ ಮಣ್ಣೇರಿಸದಿರುವುದು, ನೀರು ಕಾಂಡಕ್ಕೆ ತಾಗದಂತೆ ನೋಡಿಕೊಳ್ಳುವುದು, ಮಳೆಗಾಲಕ್ಕೆ ಮೊದಲು ಮತ್ತು ನಂತರ ಕಾಂಡಕ್ಕೆ ಎರಡು ಮೂರು ಅಡಿ ಎತ್ತರದವರೆಗೆ ಬೋರ್ಡೋ ಮುಲಾಮು ಬಳಿಯುವುದು, ಇವಿಷ್ಟು ನಿಂಬೆಗೂ ಒಪ್ಪುತ್ತವೆ. ಮುಲಾಮಿನ ಅಳತೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 10 ಲೀಟರ್ ನೀರು. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು.

ನೀರಿನ ವಿಷಯದಲ್ಲಿ ಎರಡು ಸುತ್ತಿನ ಪಾತಿಯನ್ನು ಗಮನಿಸಿ. ಕಾಂಡದ ಹತ್ತಿರ ಒಂದು ಬದು, ನೆರಳಿನ ಅಂಚಿಗೆ ಇನ್ನೊಂದು ಬದು. ನೀರು ನಿಲ್ಲುವುದು ಇವೆರಡರ ನಡುವೆ ಮಾತ್ರ. ಹನಿ ನೀರಾವರಿ ಇರುವಲ್ಲಿ ಹನಿ ಬೀಳುವ ಜಾಗ ಕಾಂಡದಿಂದ ಎಷ್ಟು ದೂರದಲ್ಲಿದೆ, ಗಿಡ ದೊಡ್ಡದಾದಂತೆ ಅದನ್ನು ಹೊರಕ್ಕೆ ಸರಿಸಿದ್ದಾರೆಯೇ ಎಂದು ಕೇಳಿ. ನೆಟ್ಟ ದಿನ ಬುಡಕ್ಕೆ ಎಳೆದ ಪೈಪು ಹತ್ತು ವರ್ಷಗಳ ನಂತರವೂ ಅಲ್ಲಿಯೇ ಇರುವುದು ನಮ್ಮಲ್ಲಿ ಸಾಮಾನ್ಯ ದೃಶ್ಯ. ವರೂಡ್ ಭಾಗಕ್ಕೆ ಹೋದರೆ ಬಾವಿ, ಕೊಳವೆಬಾವಿಗಳ ಆಳವನ್ನೂ ವಿಚಾರಿಸಿ. ಕಿತ್ತಳೆಗಾಗಿ ಅಂತರ್ಜಲವನ್ನು ಮಿತಿಮೀರಿ ಎತ್ತಿದ ಪ್ರದೇಶವದು. ಅಲ್ಲಿನ ಹಿರಿಯ ರೈತರು ಆ ಕಥೆಯನ್ನು ಯಾವ ಭಾಷಣಕ್ಕಿಂತಲೂ ಚೆನ್ನಾಗಿ ಹೇಳುತ್ತಾರೆ.

ಇನ್ನು ಬಹಾರಿನ, ಅಂದರೆ ಹೂ ಬಿಡುವ ಹಂಗಾಮಿನ ಲೆಕ್ಕ. ಅಲ್ಲಿ ಚಳಿಗಾಲದ ಕೊನೆಯ ಹೂವಾದ ಅಂಬಿಯಾ ಬಹಾರಿಗೆ ಡಿಸೆಂಬರ್‌ನಲ್ಲಿ ನೀರು ನಿಲ್ಲಿಸಿ, ಗಿಡವನ್ನು ಬಾಡಿಸಿ, ಜನವರಿಯಲ್ಲಿ ಮತ್ತೆ ನೀರು ಕೊಟ್ಟು ಹೂ ಬರಿಸುತ್ತಾರೆ. ಮಳೆಗಾಲದ ಆರಂಭದ ಹೂವಾದ ಮೃಗ ಬಹಾರಿಗೆ ಬೇಸಿಗೆಯ ಒಣಗು ಮತ್ತು ಜೂನ್ ಮಳೆಯೇ ಆ ಕೆಲಸ ಮಾಡುತ್ತವೆ. ನಿಂಬೆ ಬೆಳೆಗಾರರಿಗೆ ಬೆಲೆ ಸಿಗುವುದು ಏಪ್ರಿಲ್, ಮೇ ತಿಂಗಳಿನಲ್ಲಿ; ಹೂವಿನಿಂದ ಕಾಯಿ ಕೊಯ್ಲಿಗೆ ಐದಾರು ತಿಂಗಳು ಬೇಕಾಗುವುದರಿಂದ ಹೂ ಬರಬೇಕಾದದ್ದು ಹಸ್ತ ಬಹಾರಿನಲ್ಲಿ, ಅಂದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಳೆ ಸುರಿಯುತ್ತಿರುವಾಗ ಗಿಡವನ್ನು ಬಾಡಿಸುವುದು ಹೇಗೆ ಎಂಬುದೇ ನಿಮ್ಮ ನಿಜವಾದ ಪ್ರಶ್ನೆಯಾಗಬೇಕು, ಅದನ್ನು ತೋಟದಲ್ಲಿ ಅಲ್ಲ, ಸಂಶೋಧನಾ ಸಂಸ್ಥೆಯಲ್ಲಿಯೇ ಕೇಳಬೇಕು. ಜೂನ್‌ನಲ್ಲಿ ಜಿಬ್ಬರೆಲಿಕ್ ಆಮ್ಲ ಎಂಬ ಸಸ್ಯ ಚೋದಕವನ್ನು 50 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 50 ಭಾಗ) ಸಿಂಪಡಿಸಿ ಆಗಿನ ಹೂವನ್ನು ತಡೆಯುವುದು, ಸೆಪ್ಟೆಂಬರ್‌ನಲ್ಲಿ ಬೆಳವಣಿಗೆ ತಡೆಯುವ ಸೈಕೋಸೆಲ್ 1000 ಪಿಪಿಎಂ ಕೊಟ್ಟು ಚಿಗುರನ್ನು ತಡೆಯುವುದು, ಅಕ್ಟೋಬರ್‌ನಲ್ಲಿ ಪೊಟ್ಯಾಷಿಯಂ ನೈಟ್ರೇಟ್ ಸಿಂಪಡಿಸುವುದು ನಿಂಬೆಗೆ ಶಿಫಾರಸಿನಲ್ಲಿರುವ ಕ್ರಮ. ನಿಮ್ಮ ಗಿಡದ ವಯಸ್ಸು ಮತ್ತು ಮಣ್ಣಿನ ಆಳವನ್ನು ಹೇಳಿ ಸಲಹೆ ಪಡೆಯಿರಿ. ಅಂಗಡಿಯವರ ಮಾತಿನ ಮೇಲೆ ಇದನ್ನು ಮಾಡಬಾರದು.

ಕಿತ್ತಳೆ ತೋಟದಲ್ಲಿ ಉತ್ತರ ಸಿಗದ ಸಂಗತಿಯೊಂದಿದೆ, ಅದು ಕಜ್ಜಿ ರೋಗ. ನಿಂಬೆಯ ಎಲೆ, ರೆಂಬೆ, ಕಾಯಿಗಳ ಮೇಲೆ ಒರಟು ಕಂದು ಗುಳ್ಳೆ ಎಬ್ಬಿಸುವ ಈ ಬ್ಯಾಕ್ಟೀರಿಯಾ ಕಿತ್ತಳೆಯನ್ನು ಅಷ್ಟಾಗಿ ಕಾಡುವುದಿಲ್ಲ. ಇದನ್ನು ತಡೆದುಕೊಳ್ಳುವ ಬಾಲಾಜಿ ತಳಿ ಬಂದದ್ದು ತಿರುಪತಿಯ ಕೇಂದ್ರದಿಂದ. ಕಜ್ಜಿಯೇ ನಿಮ್ಮ ಮುಖ್ಯ ಚಿಂತೆಯಾಗಿದ್ದರೆ ಬಸ್ಸು ಉತ್ತರದ ಬದಲು ದಕ್ಷಿಣಕ್ಕೆ ಹೊರಡುವುದು ಮೇಲು.

ಸಮಯದ ಬಗ್ಗೆ ಒಂದು ಮಾತು. ಪ್ರವಾಸಗಳನ್ನು ಬಹುತೇಕ ನವೆಂಬರ್‌ನಲ್ಲಿ, ಮರಗಳು ಹಣ್ಣು ತುಂಬಿ ನಿಂತಾಗ ಇಡುತ್ತಾರೆ. ಫೋಟೋಗಳು ಚೆನ್ನಾಗಿ ಬರುತ್ತವೆ. ಮಳೆ ಹಿಂದೆಗೆಯುವ ಸೆಪ್ಟೆಂಬರ್ ಕೊನೆಯಲ್ಲಿ ಹೋದರೆ ನೀರು ಎಲ್ಲಿ ನಿಲ್ಲುತ್ತದೆ, ಅಂಟು ಎಲ್ಲಿ ಸೋರುತ್ತದೆ ಎಂಬುದು ಕಣ್ಣಿಗೇ ಬೀಳುತ್ತದೆ. ಚೆನ್ನಾಗಿರುವ ತೋಟವೊಂದನ್ನು ನೋಡಿದರೆ, ಸೊರಗಿದ ತೋಟವೊಂದನ್ನೂ ತೋರಿಸಿರೆಂದು ಆಯೋಜಕರನ್ನು ಒತ್ತಾಯಿಸಿ.

ಮರಳುವ ದಾರಿಯಲ್ಲಿ ರಸ್ತೆ ಬದಿಯ ನರ್ಸರಿಗಳು ನಿಮ್ಮ ಬಸ್ಸನ್ನು ಕೈಬೀಸಿ ಕರೆಯುತ್ತವೆ. ಅಲ್ಲಿ ಸಸಿ ಕೊಳ್ಳಬೇಡಿ: ಚೀಲದ ಮಣ್ಣಿನಲ್ಲಿ ಫೈಟಾಫ್ತೋರಾ, ಕಸಿಯ ಕಣ್ಣಿನಲ್ಲಿ ಟ್ರಿಸ್ಟೆಜಾ ಎಂಬ ವೈರಸ್ ರೋಗ ಅಥವಾ ಗ್ರೀನಿಂಗ್ ಎಂಬ ಬ್ಯಾಕ್ಟೀರಿಯಾ ರೋಗ ಅಡಗಿದ್ದರೆ ಬರಿಗಣ್ಣಿಗೆ ತಿಳಿಯುವುದಿಲ್ಲ, ಅದರಲ್ಲಿಯೂ ನಿಂಬೆಗೆ ಟ್ರಿಸ್ಟೆಜಾ ಬಹಳ ಬೇಗ ತಗಲುತ್ತದೆ. ಸಸಿ ಬೇಕೇ ಬೇಕಿದ್ದರೆ ರೋಗಮುಕ್ತವೆಂದು ದೃಢೀಕರಿಸಿದ ಕೇಂದ್ರದಿಂದಲೇ ತನ್ನಿ. ಅಲ್ಲಿನ ತೋಟಗಳಲ್ಲಿ ಬಳಸಿದ ಚಾಕು, ಕತ್ತರಿಗಳನ್ನು ಸ್ಪಿರಿಟ್‌ನಲ್ಲಿ ಒರೆಸಿಡಿ, ಚಪ್ಪಲಿ, ಬೂಟುಗಳಿಗೆ ಮೆತ್ತಿದ ಎರೆ ಮಣ್ಣನ್ನು ಬಸ್ಸು ಹತ್ತುವ ಮೊದಲೇ ತೊಳೆದುಬಿಡಿ.