ಟ್ರೇಸ್ ಒತ್ತುವ ಮುನ್ನ ಅಕ್ಷರ ಓದಿ

ವಾಟ್ಸ್‌ಆ್ಯಪ್‌ನಲ್ಲಿ ಬಂದ ಲೋಗೊವನ್ನು ವಿನ್ಯಾಸದ ಸಾಫ್ಟ್‌ವೇರ್ ಕೋರೆಲ್‌ಡ್ರಾಗೆ ತಂದು, ಟ್ರೇಸ್ (ಚಿತ್ರದ ಅಂಚು ಹಿಡಿದು ಅದನ್ನು ರೇಖೆಗಳಾಗಿ ಮಾಡುವ ಆಜ್ಞೆ) ಒತ್ತಿ, ಬಂದದ್ದನ್ನು ಹಾಗೆಯೇ ಸ್ಟಿಕ್ಕರ್ ಹಾಳೆ ಕತ್ತರಿಸುವ ಕಟಿಂಗ್ ಪ್ಲಾಟರ್‌ಗೆ ಕಳುಹಿಸುವ ಅಭ್ಯಾಸ ನಮ್ಮ ದಾವಣಗೆರೆಯ ಡಿಟಿಪಿ, ಸ್ಟಿಕ್ಕರ್ ಅಂಗಡಿಗಳಲ್ಲಿ ಬೇರೂರಿದೆ. ಗಿರಾಕಿ ಎದುರಿಗೇ ಕುಳಿತಿರುತ್ತಾರೆ, ಸಂಜೆಯೊಳಗೆ ಗಾಡಿಯ ಗಾಜಿಗೆ ಅಂಟಿಸಬೇಕಾಗಿರುತ್ತದೆ. ಅವಸರ ಅರ್ಥವಾಗುವಂಥದ್ದೇ. ಆದರೆ ಕನ್ನಡದ ಕೆಲಸದಲ್ಲಿ ಈ ಅವಸರ ಅಕ್ಷರವನ್ನೇ ಬದಲಿಸಿಬಿಡುತ್ತದೆ. ‘ಮಠ’ ಎಂದಿದ್ದದ್ದು ‘ಮರ’ ಎಂದು ಕತ್ತರಿಸಿ ಬಂದ ವಿನೈಲ್ (ಸ್ಟಿಕ್ಕರ್ ಹಾಳೆ) ನನ್ನ ಮೇಜಿಗೆ ದುರಸ್ತಿಗೆ ಬಂದಿದೆ. ಠ ಅಕ್ಷರದ ಹೊಟ್ಟೆಯೊಳಗಿನ ಚುಕ್ಕಿ ಬಿದ್ದುಹೋಗಿತ್ತು, ಅಷ್ಟೇ. ಆ ಚುಕ್ಕಿ ಎಲ್ಲಿ, ಹೇಗೆ ಬಿದ್ದಿತು ಎಂಬುದನ್ನು ನೋಡಿದರೆ ಟ್ರೇಸ್ ಮಾಡುವುದು ಎಂದರೇನು ಎಂಬುದೂ ತಿಳಿಯುತ್ತದೆ.

ಬಿಟ್‌ಮ್ಯಾಪ್ ಚಿತ್ರ ಎಂದರೆ ಪಿಕ್ಸೆಲ್ ಎಂಬ ಬಣ್ಣದ ಸಣ್ಣ ಚೌಕಗಳ ರಾಶಿ. ಜೆಪಿಜಿ, ಪಿಎನ್‌ಜಿ, ಮೊಬೈಲ್‌ನಲ್ಲಿ ತೆಗೆದ ಫೋಟೊ ಎಲ್ಲವೂ ಇದೇ ಜಾತಿ. ಹಿಗ್ಗಿಸಿದರೆ ಚೌಕಗಳೇ ದೊಡ್ಡದಾಗಿ ಕಾಣುತ್ತವೆ. ವೆಕ್ಟರ್‌ನಲ್ಲಿ ಚೌಕಗಳಿಲ್ಲ. ಚುಕ್ಕಿ ಇಟ್ಟು ಎಳೆ ಎಳೆಯುವ ರಂಗೋಲಿಯಂತೆ ಅಲ್ಲಿ ಕೆಲವು ನೋಡ್‌ಗಳು, ಅವುಗಳ ನಡುವೆ ಎಳೆದ ವಕ್ರರೇಖೆಗಳು ಮಾತ್ರ ಇರುತ್ತವೆ. ವಿಸಿಟಿಂಗ್ ಕಾರ್ಡಿಗೂ ಇಪ್ಪತ್ತು ಅಡಿಯ ಬೋರ್ಡಿಗೂ ಅದೇ ಫೈಲ್ ಸಾಕು. ಬಿಟ್‌ಮ್ಯಾಪನ್ನು ವೆಕ್ಟರ್ ಮಾಡುವುದೇ ಟ್ರೇಸ್. ಈ ವಕ್ರರೇಖೆಗಳು ಮೊದಲು ಬಂದದ್ದು ಕಾರು ಕಾರ್ಖಾನೆಗಳಿಂದ. ಫ್ರಾನ್ಸ್‌ನ ಸಿಟ್ರೊಯೆನ್ ಕಂಪನಿಯಲ್ಲಿ ಪೌಲ್ ದ ಕಾಸ್ಟಲ್ಜೊ 1959ರಲ್ಲಿ ಇದರ ಲೆಕ್ಕ ಕಂಡುಕೊಂಡರು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. 1960ರ ದಶಕದಲ್ಲಿ ರೆನೋ ಕಂಪನಿಯ ಪಿಯರ್ ಬೆಜಿಯೆ ತಾವಾಗಿಯೇ ಅದೇ ದಾರಿ ಹಿಡಿದು ಜಗತ್ತಿಗೆ ತಿಳಿಸಿದರು. ಹಾಗಾಗಿ ಕೋರೆಲ್‌ನಲ್ಲಿ ನಾವು ದಿನವೂ ಹಿಡಿಯುವ ಟೂಲ್‌ಗೆ ಬೆಜಿಯರ್ ಎಂಬ ಹೆಸರು.

ಟ್ರೇಸ್ ಮಾಡುವ ಯಾವ ಸಾಫ್ಟ್‌ವೇರ್ ಆಗಲಿ, ಕೋರೆಲ್‌ನ ಪವರ್‌ಟ್ರೇಸ್, ಇಲ್ಲಸ್ಟ್ರೇಟರ್‌ನ ಇಮೇಜ್ ಟ್ರೇಸ್, ಇಂಕ್‌ಸ್ಕೇಪ್‌ನ ಟ್ರೇಸ್ ಬಿಟ್‌ಮ್ಯಾಪ್, ಒಳಗೆ ನಡೆಯುವುದು ಹೆಚ್ಚುಕಡಿಮೆ ಒಂದೇ. ಇಂಕ್‌ಸ್ಕೇಪ್ ಬಳಸುವ ಪೋಟ್ರೇಸ್‌ನ ವಿಧಾನವನ್ನು ಅದನ್ನು ಬರೆದ ಪೀಟರ್ ಸೆಲಿಂಗರ್ ಅವರೇ 2003ರಲ್ಲಿ ಬಿಡಿಸಿ ಹೇಳಿದ್ದಾರೆ. ಮೊದಲು ಪ್ರತಿ ಪಿಕ್ಸೆಲ್ ಕಪ್ಪೋ ಬಿಳಿಯೋ ಎಂದು ತೀರ್ಮಾನವಾಗಬೇಕು. ಆಮೇಲೆ ಕಪ್ಪು ಮುಗಿದು ಬಿಳಿ ಶುರುವಾಗುವ ಅಂಚನ್ನು ಹಿಡಿದು ಸುತ್ತು ಹಾಕಲಾಗುತ್ತದೆ. ಆ ಮೆಟ್ಟಿಲುಮೆಟ್ಟಿಲಾದ ಅಂಚಿಗೆ ಒಪ್ಪುವ ಬಹುಭುಜಾಕೃತಿಯೊಂದನ್ನು ಹುಡುಕಿ, ಕೊನೆಗೆ ಅದರ ಮೂಲೆಗಳನ್ನು ವಕ್ರರೇಖೆಯಾಗಿ ನುಣುಪು ಮಾಡಲಾಗುತ್ತದೆ. ಈ ದಾರಿಯಲ್ಲಿ ಎಲ್ಲಿಯೂ ‘ಇದು ಠ’ ಎಂದು ಗುರುತಿಸುವ ಹಂತ ಇಲ್ಲ. ಕಲೆ ಯಾವುದು, ಅಕ್ಷರದ ಅಂಗ ಯಾವುದು ಎಂಬುದನ್ನು ಸಾಫ್ಟ್‌ವೇರ್ ಅಳತೆ ನೋಡಿ ನಿರ್ಧರಿಸುತ್ತದೆ.

ಈಗ ಆ ಚುಕ್ಕಿಯ ಲೆಕ್ಕ ಹಾಕೋಣ. ಗಿರಾಕಿ ಕಳಿಸಿದ ಚಿತ್ರದಲ್ಲಿ ಅಕ್ಷರದ ಎತ್ತರ 40 ಪಿಕ್ಸೆಲ್ ಎಂದುಕೊಳ್ಳಿ. ಠ ಒಳಗಿನ ಚುಕ್ಕಿಯ ಅಗಲ ಸುಮಾರು 4 ಪಿಕ್ಸೆಲ್, ಅಂದರೆ ವಿಸ್ತೀರ್ಣ ಹನ್ನೆರಡು ಹದಿಮೂರು ಪಿಕ್ಸೆಲ್. ಇಲ್ಲಸ್ಟ್ರೇಟರ್‌ನಲ್ಲಿ ನಾಯ್ಸ್ ಎಂಬ ಅಂಕಿಯನ್ನು 25ಕ್ಕೆ ಇಟ್ಟಿದ್ದರೆ ಅದಕ್ಕಿಂತ ಚಿಕ್ಕ ವಿಸ್ತೀರ್ಣದ್ದೆಲ್ಲ ಕಸವೆಂದು ಗುಡಿಸಿಹೋಗುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಸ್ಪೆಕಲ್ಸ್ ಎಂಬುದೂ ಇದೇ ಕೆಲಸ ಮಾಡುತ್ತದೆ. ಕೋರೆಲ್‌ನಲ್ಲಿ ಡೀಟೇಲ್ ಕಡಿಮೆ ಮಾಡಿದರೂ ಸಣ್ಣ ಭಾಗಗಳಿಗೆ ಇದೇ ಗತಿ. ಚಿತ್ರ ಸ್ವಚ್ಛವಾಗಿ ಕಾಣಲಿ ಎಂದು ಈ ಅಂಕಿ ಏರಿಸಿದಷ್ಟೂ ಕನ್ನಡ ಕೆಡುತ್ತದೆ. ಇಂಗ್ಲಿಷ್‌ನಲ್ಲಿ ಚಿಕ್ಕ ‘ಐ’ ಅಕ್ಷರದ ಮೇಲಿನ ಚುಕ್ಕಿ ಹೋದರೂ ಓದುವವರು ಊಹಿಸಿಕೊಳ್ಳುತ್ತಾರೆ. ನಮ್ಮಲ್ಲಿ ಠ ಚುಕ್ಕಿ ಕಳೆದುಕೊಂಡರೆ ಪೂರ್ತಿ ಬೇರೆ ಅಕ್ಷರವೇ ಆಗುತ್ತದೆ.

ಮಹಾಪ್ರಾಣದ ಗೀಟಿನದು ಬೇರೆ ಬಗೆಯ ಸಾವು. ಶಾಲೆಯಲ್ಲಿ ‘ಹೊಟ್ಟೆ ಸೀಳುವುದು’ ಎಂದು ಕಲಿತೆವಲ್ಲ, ಧ, ಭ, ಘ, ಫ ಅಕ್ಷರಗಳ ಕೆಳಗಿನ ಆ ಸಣ್ಣ ಗೀಟು. ಅದು ಅಕ್ಷರಕ್ಕೆ ಅಂಟಿಕೊಂಡೇ ಇರುವುದರಿಂದ ಕಸ ಗುಡಿಸುವಾಗ ಹೋಗುವುದಿಲ್ಲ. ಅದನ್ನು ಕರಗಿಸುವುದು ಸ್ಮೂದಿಂಗ್. ಮೂರು ಪಿಕ್ಸೆಲ್ ಎತ್ತರದ ಗೀಟು ನುಣುಪಾಗುವ ಭರದಲ್ಲಿ ಒಂದು ಉಬ್ಬಾಗಿ ಉಳಿಯುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಎಪಿಎಂಸಿ ಕಡೆಯ ಅಂಗಡಿಗೆ ಬರೆದ ‘ಧಾನ್ಯ ಭಂಡಾರ’ ಹೀಗೆ ‘ದಾನ್ಯ ಬಂಡಾರ’ ಆಗುತ್ತದೆ. ಬೀದಿಯಲ್ಲಿ ಹೋಗುವವರು ಬರೆಸಿದವರಿಗೆ ಕನ್ನಡ ಬರುವುದಿಲ್ಲ ಎಂದುಕೊಳ್ಳುತ್ತಾರೆ. ಅವರು ಸರಿಯಾಗಿಯೇ ಬರೆದುಕೊಟ್ಟಿರುತ್ತಾರೆ. ಅಪಖ್ಯಾತಿ ನಮ್ಮ ಕೈಯಿಂದ ಅವರಿಗೆ ಅಂಟುತ್ತದೆ, ಅದು ನನಗೆ ತುಂಬಾ ನೋವಿನ ವಿಷಯ.

ಹಾಗಾದರೆ ಏನು ಮಾಡಬೇಕು? ಮೊದಲು ಟ್ರೇಸ್ ಮಾಡದಿರುವ ದಾರಿ ಹುಡುಕಿ. ಸಂಘದ ಲೆಟರ್‌ಹೆಡ್‌ನ ಪಿಡಿಎಫ್ ಇದೆಯೇ ಎಂದು ಕೇಳಿ. ಎಷ್ಟೋ ಸಲ ಆ ಪಿಡಿಎಫ್ ಒಳಗೆ ಲೋಗೊ ವೆಕ್ಟರ್ ಆಗಿಯೇ ಕುಳಿತಿರುತ್ತದೆ. ಕೋರೆಲ್‌ನಲ್ಲೋ ಇಂಕ್‌ಸ್ಕೇಪ್‌ನಲ್ಲೋ ತೆರೆದು ಅನ್‌ಗ್ರೂಪ್ ಮಾಡಿದರೆ ಕೈಗೆ ಸಿಗುತ್ತದೆ. ಅದೂ ಇಲ್ಲದಿದ್ದರೆ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಸಾಮಾನ್ಯ ಫೋಟೊ ಆಗಿ ಕಳಿಸಿದಾಗ ಅದು ಕುಗ್ಗಿ ಬರುತ್ತದೆ, ಜೊತೆಗೆ ಜೆಪಿಜಿ ಚಿತ್ರವನ್ನು 8×8 ಪಿಕ್ಸೆಲ್‌ಗಳ ತುಂಡುಗಳಾಗಿ ಹಿಂಡುವುದರಿಂದ ಅಕ್ಷರಗಳ ಸುತ್ತ ಮಸಿ ಸಿಡಿದಂಥ ಕಲೆಗಳೇಳುತ್ತವೆ. ಇನ್ನು ಅಚ್ಚಿನ ಅಕ್ಷರವಾಗಿದ್ದರೆ ಟ್ರೇಸ್ ಮಾಡಲೇಬಾರದು. ನುಡಿಯೋ ಬರಹವೋ ಶ್ರೀಲಿಪಿಯೋ ಅಥವಾ ಯುನಿಕೋಡ್ ಫಾಂಟೋ, ಯಾವುದು ಹತ್ತಿರವೋ ಅದರಲ್ಲಿ ಹೊಸದಾಗಿ ಟೈಪ್ ಮಾಡಿ, ಕೋರೆಲ್‌ನಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ಸ್ ಮಾಡಿ, ಅಂದರೆ ಅಕ್ಷರವನ್ನು ವಕ್ರರೇಖೆಗಳಾಗಿ ಬದಲಿಸಿ. ಎರಡು ನಿಮಿಷದ ಕೆಲಸ. ಟ್ರೇಸ್ ಮಾಡಿ ತಿದ್ದುತ್ತ ಕೂರುವುದಕ್ಕಿಂತ ಬೇಗ ಮುಗಿಯುತ್ತದೆ, ಅಕ್ಷರವೂ ಉಳಿಯುತ್ತದೆ.

ಟ್ರೇಸ್ ಮಾಡಲೇಬೇಕಾದರೆ ಚಿತ್ರವನ್ನು ಮೊದಲು ಹದ ಮಾಡಿಕೊಳ್ಳಿ. ಫೋಟೊಶಾಪ್‌ನಲ್ಲಿ ಅಥವಾ ಗಿಂಪ್‌ನಲ್ಲಿ ನಾಲ್ಕು ಪಟ್ಟು ಹಿಗ್ಗಿಸಿ, ಸ್ವಲ್ಪ ಮಬ್ಬು ಮಾಡಿ, ಆಮೇಲೆ ಕಪ್ಪು-ಬಿಳುಪಿನ ಗಡಿ (ಇದಕ್ಕಿಂತ ಗಾಢವಾದದ್ದು ಕಪ್ಪು, ತಿಳಿಯಾದದ್ದು ಬಿಳಿ ಎಂಬ ಅಂಕಿ) ಹಾಕಿ. ಹಿಗ್ಗಿಸಿದರೆ ಹೊಸ ವಿವರ ಹುಟ್ಟುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ನಿಜ. ಆದರೆ ಅಂಚಿನಲ್ಲಿರುವ ಬೂದು ಪಿಕ್ಸೆಲ್‌ಗಳಲ್ಲಿ ಅಂಚು ನಿಖರವಾಗಿ ಎಲ್ಲಿ ಹಾದುಹೋಗುತ್ತದೆ ಎಂಬ ಸುಳಿವು ಇರುತ್ತದೆ. ಹಿಗ್ಗಿಸದೆ ಗಡಿ ಹಾಕಿದರೆ ಆ ಸುಳಿವು ಒಮ್ಮೆಲೇ ನಾಶವಾಗುತ್ತದೆ, ಹಿಗ್ಗಿಸಿ ಹಾಕಿದರೆ ಉಳಿಯುತ್ತದೆ. ಇನ್ನೊಂದು ಲಾಭವೂ ಇದೆ. ನಾಲ್ಕು ಪಟ್ಟು ಹಿಗ್ಗಿದಾಗ ಠ ಒಳಗಿನ ಚುಕ್ಕಿಯ ವಿಸ್ತೀರ್ಣ ಹದಿನಾರು ಪಟ್ಟಾಗಿ ಇನ್ನೂರರ ಹತ್ತಿರ ಬರುತ್ತದೆ, 25ರ ನಾಯ್ಸ್ ಅದನ್ನು ಮುಟ್ಟುವುದಿಲ್ಲ. ಕಲೆಗಳೂ ಅಷ್ಟೇ ಹಿಗ್ಗುತ್ತವೆ ಎಂಬುದು ನಿಜವೇ. ಅವುಗಳನ್ನು ಬಿಳಿ ಬ್ರಷ್ ಹಿಡಿದು ಕೈಯಿಂದಲೇ ಒರೆಸಬೇಕು, ಒರೆಸುವವರು ಅಕ್ಷರ ಓದಿಕೊಂಡು ಒರೆಸಬೇಕು.

ಗಡಿ, ಅಂದರೆ ಥ್ರೆಶೋಲ್ಡ್, ಇಡುವಾಗ ಎರಡು ಕಡೆ ಕಣ್ಣಿರಲಿ. ಏರಿಸಿದರೆ ಬೂದು ಪಿಕ್ಸೆಲ್‌ಗಳೆಲ್ಲ ಕಪ್ಪಾಗಿ ಅಕ್ಷರ ದಪ್ಪವಾಗುತ್ತದೆ, ಅನುಸ್ವಾರದ ಸೊನ್ನೆ ತುಂಬಿ ಮಸಿಯ ಗುಂಡಾಗುತ್ತದೆ, ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಇಳಿಸಿದರೆ ತಲಕಟ್ಟು ಅಕ್ಷರದಿಂದ ಕಳಚಿಕೊಂಡು ಗಾಳಿಯಲ್ಲಿ ನಿಲ್ಲುತ್ತದೆ. ನಾನು ಸೊನ್ನೆಯ ಒಳಗಿನ ಬಿಳುಪು ಉಳಿಯುವ ಕಡೆಗೇ ಇಡುತ್ತೇನೆ. ಕಳಚಿದ ತಲಕಟ್ಟನ್ನು ಎರಡು ನೋಡ್ ಸೇರಿಸಿ ಜೋಡಿಸುವುದು ಸುಲಭ, ತುಂಬಿಹೋದ ಒತ್ತಕ್ಷರವನ್ನು ಬಿಡಿಸುವುದು ಕಷ್ಟ.

ಕೈಬರಹದ ಬೋರ್ಡ್‌ಗಳ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಹೆಚ್ಚೇ ಹೇಳಬೇಕೆನಿಸುತ್ತದೆ. ಮಂಡಿಪೇಟೆಯಂಥ ಹಳೆಯ ಬೀದಿಗಳ ವ್ಯಾಪಾರಸ್ಥರ ಮನೆಗಳಲ್ಲಿ ಪೇಂಟರ್‌ಗಳು ಬ್ರಷ್‌ನಿಂದ ಬರೆದ ತಗಡಿನ ಬೋರ್ಡ್‌ಗಳು ಇನ್ನೂ ಸಿಗುತ್ತವೆ. ಮೊಮ್ಮಕ್ಕಳು ಫೋಟೊ ತಂದು, “ಇದು ನಮ್ಮ ಅಜ್ಜನ ಕಾಲದ್ದು ಅಣ್ಣ, ಹೊಸ ಬೋರ್ಡಿನಲ್ಲಿಯೂ ಅಕ್ಷರ ಹೀಗೆಯೇ ಬರಬೇಕು” ಎನ್ನುತ್ತಾರೆ. ಇಂಥ ಕೆಲಸಕ್ಕೆ ಆಟೊ ಟ್ರೇಸ್ ಬೇಡವೇ ಬೇಡ. ‘ಶ್ರೀ’ ಒಂದನ್ನೇ ತೆಗೆದುಕೊಳ್ಳಿ. ಕೆಳಗಿನ ರ ಒತ್ತು ಬಲಕ್ಕೆ ಹೊರಳುವಾಗ ಪೇಂಟರ್ ಬ್ರಷ್ ಅನ್ನು ಮೊದಲು ಒತ್ತಿ, ಕೊನೆಗೆ ನಿಧಾನವಾಗಿ ಎತ್ತಿರುತ್ತಾರೆ. ದಪ್ಪವಾಗಿ ಶುರುವಾದ ಬಾಲ ಎಳೆಯಾಗಿ ಮುಗಿಯುತ್ತದೆ. ಆಟೊ ಟ್ರೇಸ್‌ನಲ್ಲಿ ಆ ತುದಿ ಮೊಂಡಾಗುತ್ತದೆ, ಏಕೆಂದರೆ ಕೊನೆಯ ತೆಳು ಬಣ್ಣ ಗಡಿಯ ಆಚೆ ಬಿದ್ದು ಬಿಳಿಯಾಗಿರುತ್ತದೆ. ನಾನು ಮಾಡುವುದು ಹೀಗೆ. ಏಣಿ ಹತ್ತಿಯಾದರೂ ಬೋರ್ಡ್‌ನ ಎದುರಿನಿಂದ ನೇರವಾಗಿ ಫೋಟೊ ತೆಗೆಯುತ್ತೇನೆ, ಕೆಳಗಿನಿಂದ ತೆಗೆದರೆ ಅಕ್ಷರದ ತಲೆ ಕಿರಿದಾಗುತ್ತದೆ. ಅದನ್ನು ಪುಟದಲ್ಲಿಟ್ಟು ಅರ್ಧ ಪಾರದರ್ಶಕ ಮಾಡಿ ಲಾಕ್ ಮಾಡುತ್ತೇನೆ. ಮೇಲೆ ಬೆಜಿಯರ್ ಟೂಲ್ ಹಿಡಿದು ವಕ್ರರೇಖೆಯ ಅತಿ ಎಡ, ಅತಿ ಬಲ, ಅತಿ ಮೇಲೆ, ಅತಿ ಕೆಳಗೆ, ಈ ಜಾಗಗಳಲ್ಲಿ ನೋಡ್ ಇಡುತ್ತ ಹೋಗುತ್ತೇನೆ. ಬಾಲದ ತುದಿಗೆ ರೇಖೆ ಚೂಪಾಗಿ ತಿರುಗುವ ಕಸ್ಪ್ ನೋಡ್, ಮಿಕ್ಕೆಡೆ ನುಣುಪಾಗಿ ಹಾಯುವ ಸ್ಮೂತ್ ನೋಡ್. ಪೇಂಟರ್‌ನ ಎಡ ಕೊಂಬು ಬಲ ಕೊಂಬಿಗಿಂತ ಒಂದಿಷ್ಟು ಕುಳ್ಳಗಿದ್ದರೆ ಹಾಗೆಯೇ ಬಿಡುತ್ತೇನೆ. ಒಂದನ್ನು ನಕಲು ಮಾಡಿ ತಿರುಗಿಸಿ ಅಂಟಿಸಿದರೆ ಅಜ್ಜನ ಕಾಲದ ಕೈ ಅಲ್ಲಿ ಉಳಿಯುವುದಿಲ್ಲ. ಈ ಕೆಲಸಕ್ಕೆ ಸಮಯ ಹಿಡಿಯುತ್ತದೆ, ದರವನ್ನು ಮೊದಲೇ ಹೇಳಿ. ಕೊಡುವವರು ಸಂತೋಷದಿಂದಲೇ ಕೊಡುತ್ತಾರೆ.

ನೋಡ್ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು, ಕನ್ನಡಕ್ಕಂತೂ ಇದು ದುಪ್ಪಟ್ಟು ನಿಜ, ನಮ್ಮ ಅಕ್ಷರಗಳೆಲ್ಲ ದುಂಡಗಿನವು. ಒಂದು ವೃತ್ತಕ್ಕೆ ನಾಲ್ಕು ನೋಡ್ ಸಾಕು. ಪ್ರತಿ ನೋಡ್‌ನ ಹಿಡಿಕೆ (ರೇಖೆಯ ಬಾಗನ್ನು ತೀರ್ಮಾನಿಸುವ ಗೆರೆ) ತ್ರಿಜ್ಯದ 0.5523 ಪಟ್ಟು ಉದ್ದವಿದ್ದರೆ ಅದು ನಿಜವಾದ ವೃತ್ತದಿಂದ ತ್ರಿಜ್ಯದ ಸಾವಿರದಲ್ಲೊಂದು ಪಾಲಿನಷ್ಟೂ ದೂರ ಸರಿಯುವುದಿಲ್ಲ. ಕೆಟ್ಟ ಚಿತ್ರದಿಂದ ಟ್ರೇಸ್ ಮಾಡಿದ ಅದೇ ವೃತ್ತದಲ್ಲಿ ನೋಡ್‌ಗಳು ಇರುವೆ ಸಾಲಿನಷ್ಟು ಇರುತ್ತವೆ. ಪ್ಲಾಟರ್‌ನ ಬ್ಲೇಡ್ ಪ್ರತಿ ನೋಡ್‌ನಲ್ಲಿ ತಡವರಿಸಿ ಅಂಚು ಗರಗಸವಾಗುತ್ತದೆ, ಬೇಡದ ವಿನೈಲ್ ಕೀಳುವಾಗ ಬೇಕಾದದ್ದೂ ಎದ್ದುಬರುತ್ತದೆ. ಠ ಚುಕ್ಕಿಯನ್ನು ವಿನೈಲ್‌ನಲ್ಲಿ ಮೂಲಕ್ಕಿಂತ ತುಸು ದೊಡ್ಡದು ಮಾಡಿ ಎಂಬುದು ನನ್ನ ಸಲಹೆ. ತೀರಾ ಸಣ್ಣ ಚುಕ್ಕಿಗೆ ಹಿಡಿದುಕೊಳ್ಳಲು ಅಂಟು ಸಾಲದು, ನಮ್ಮ ಬೇಸಿಗೆಯ ಬಿಸಿಲಿಗೆ ಏಳುತ್ತದೆ. ಅಕ್ರಿಲಿಕ್ ಅಥವಾ ಎಸಿಪಿ (ಅಲ್ಯೂಮಿನಿಯಂ ಪದರದ ಬೋರ್ಡ್) ಹಾಳೆಯನ್ನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ರೂಟರ್‌ನಲ್ಲಿ ಕತ್ತರಿಸುವುದಾದರೆ ಅದರ ಬಿಟ್‌ನ, ಅಂದರೆ ಕೊರೆಯುವ ಕಡ್ಡಿಯ, ದಪ್ಪ ಕೇಳಿಕೊಳ್ಳಿ. 3 ಮಿಲಿಮೀಟರ್ ಬಿಟ್ ಒಳಮೂಲೆಯನ್ನು 1.5 ಮಿಲಿಮೀಟರ್ ತ್ರಿಜ್ಯಕ್ಕಿಂತ ಚೂಪಾಗಿ ಕತ್ತರಿಸಲಾರದು, ಅಕ್ಷರಕ್ಕೂ ಒತ್ತಿಗೂ ನಡುವೆ 3 ಮಿಲಿಮೀಟರ್ ಇಲ್ಲದಿದ್ದರೆ ಅಲ್ಲಿ ನುಗ್ಗುವುದೂ ಇಲ್ಲ. ಲೇಸರ್‌ನಲ್ಲಿ ಸಹಿ ಕೆತ್ತುವುದಿದ್ದರೆ ಔಟ್‌ಲೈನ್ ಟ್ರೇಸ್ ಬದಲು ಸೆಂಟರ್‌ಲೈನ್ ಟ್ರೇಸ್ ಆರಿಸಿ, ಇಲ್ಲದಿದ್ದರೆ ಒಂದು ಗೆರೆಗೆ ಎರಡು ಗೆರೆ ಬೀಳುತ್ತವೆ.

ಎಲ್ಲವನ್ನೂ ವೆಕ್ಟರ್ ಮಾಡಬೇಕೆಂಬ ಹಟ ಬೇಡ. ಜಯಂತಿಯ ಫ್ಲೆಕ್ಸ್‌ನಲ್ಲಿ ಬರುವ ಮುಖದ ಫೋಟೊ ಫೋಟೊವಾಗಿಯೇ ಇರಲಿ. ದೂರದಿಂದ ನೋಡುವ ಫ್ಲೆಕ್ಸ್‌ಗೆ ಇಂಚಿಗೆ 72 ಪಿಕ್ಸೆಲ್ ಧಾರಾಳ, ಹತ್ತು ಅಡಿಗೆ 8,640 ಪಿಕ್ಸೆಲ್ ಆಯಿತು. ಟ್ರೇಸ್ ಮಾಡಿದ ಮುಖ ಬಣ್ಣದ ತೇಪೆಗಳಾಗಿ ಕಾಣುತ್ತದೆ, ಅದು ಆ ಹಿರಿಯರಿಗೆ ಮರ್ಯಾದೆಯಲ್ಲ.

ಚಿತ್ರದುರ್ಗದ ಕಡೆಯಿಂದ ಬರುವ ಎರಡು ಬಗೆಯ ಕೆಲಸಗಳಲ್ಲಿ ವಿಶೇಷ ಎಚ್ಚರ ಬೇಕು. ಒಂದು, ಸ್ಮರಣ ಸಂಚಿಕೆಯ ಮುಖಪುಟಕ್ಕೆ ಶಾಸನದ ಚಿತ್ರ. ಚಂದ್ರವಳ್ಳಿಯ ಮಯೂರಶರ್ಮನ ಶಾಸನದ ಓದಿನ ಬಗ್ಗೆ ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯವಿದೆ. ಬಂಡೆಯ ಸವಕಲನ್ನು, ಬಿರುಕನ್ನು ಟ್ರೇಸ್ ಅಕ್ಷರದ ಗೆರೆಯಾಗಿ ಮಾಡಿದರೆ ನಾವು ಇಲ್ಲದ ಪಾಠವೊಂದನ್ನು ಅಚ್ಚು ಹಾಕಿದಂತೆ. ಅದನ್ನು ಬೂದು ಛಾಯೆಯ ಫೋಟೊ ಆಗಿಯೇ ಮುದ್ರಿಸಿ. ರೇಖಾಚಿತ್ರವೇ ಬೇಕೆಂದರೆ ಶಾಸನ ಓದಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಳೆಯಿರಿ. ಇನ್ನೊಂದು, ಮೊಳಕಾಲ್ಮೂರು ಸೀರೆಯ ಹೂ, ಹಣ್ಣು, ಪ್ರಾಣಿಗಳ ವಿನ್ಯಾಸ. ಹಳೆಯ ಸೀರೆಯ ಫೋಟೊದಿಂದ ಮಾದರಿಯನ್ನು ವೆಕ್ಟರ್‌ನಲ್ಲಿ ಬಿಡಿಸಿಕೊಳ್ಳುವುದು ಕರಪತ್ರಕ್ಕೋ ಲೇಬಲ್‌ಗೋ ಸರಿ. ಆದರೆ ವಿನ್ಯಾಸ ನೇಯುವ ಜಕಾರ್ಡ್ ಮಗ್ಗದಲ್ಲಿ ನೇಯಲು ಬೇಕಾದದ್ದು ಚೌಕಳಿ ಹಾಳೆ, ಅಲ್ಲಿ ಒಂದು ಚೌಕ ಎಂದರೆ ಆ ಜಾಗದಲ್ಲಿ ಹಾಸಿನ ಎಳೆ ಏಳಬೇಕೋ ಬೇಡವೋ ಎಂಬ ಸೂಚನೆ. ನೇಕಾರರ ಮೆಟ್ಟಿಲು ಅಂಚು ದೋಷವಲ್ಲ, ಅದೇ ನೇಯ್ಗೆ. ಅಲ್ಲಿ ನುಣುಪು ಮಾಡಹೊರಟರೆ ಕೊನೆಗೆ ಅವರು ಮತ್ತೆ ಚೌಕ ಎಣಿಸಿ ಬರೆದುಕೊಳ್ಳಬೇಕಾಗುತ್ತದೆ.

ಎರಡು ಮೂರು ಬಣ್ಣದ ಲೋಗೊ ಟ್ರೇಸ್ ಮಾಡುವಾಗ ಬಣ್ಣಗಳು ಪಕ್ಕಪಕ್ಕ ತಾಗಿ ನಿಲ್ಲಬೇಕೋ ಒಂದರ ಮೇಲೊಂದು ಕೂರಬೇಕೋ ಎಂಬ ಆಯ್ಕೆ ಇರುತ್ತದೆ. ಮುದ್ರಣಕ್ಕೆ ಒಂದರ ಮೇಲೊಂದು, ಇಲ್ಲದಿದ್ದರೆ ನಡುವೆ ಕೂದಲೆಳೆಯಷ್ಟು ಬಿಳಿ ಇಣುಕುತ್ತದೆ.

ಕೆಲಸ ಮುಗಿದ ಮೇಲೆ ಗಿರಾಕಿಗೆ ಜೆಪಿಜಿ ಮಾತ್ರ ಕೊಟ್ಟು ಕಳಿಸಬೇಡಿ. ಪಿಡಿಎಫ್ ಮತ್ತು ಎಸ್‌ವಿಜಿ ಎರಡನ್ನೂ ಅಕ್ಷರಗಳನ್ನು ಕರ್ವ್ಸ್ ಮಾಡಿ ಕೊಡಿ. ಕರ್ವ್ಸ್ ಮಾಡದ ನುಡಿ ಅಕ್ಷರಗಳ ಫೈಲನ್ನು ಆ ಫಾಂಟ್ ಇಲ್ಲದ ಬೇರೆ ಅಂಗಡಿಯ ಕಂಪ್ಯೂಟರ್‌ನಲ್ಲಿ ತೆರೆದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಟೈಪ್ ಮಾಡಿದ ಮೂಲ ಫೈಲ್ ನಿಮ್ಮಲ್ಲಿರಲಿ, ಫೋನ್ ನಂಬರ್ ಬದಲಾದಾಗ ಬೇಕಾಗುತ್ತದೆ. ಆ ಪಿಡಿಎಫ್ ಅನ್ನು ಇಮೇಲ್‌ನಲ್ಲಿಯೂ ಹಾಕಿ, ‘ಇದನ್ನು ಅಳಿಸಬೇಡಿ, ಮುಂದೆ ಯಾವ ಅಂಗಡಿಗೆ ಹೋದರೂ ಇದನ್ನೇ ಕೊಡಿ’ ಎಂದು ಕನ್ನಡದಲ್ಲಿ ಒಂದು ಸಾಲು ಬರೆಯಿರಿ.