ಸಿಡಿ38: ಶೇ. 30ರ ಗೆರೆ ದಾಟಿತೇ, ದಾಟಿಸಲಾಯಿತೇ?

ಸಿಎಲ್‌ಎಲ್ ಎಂಬ ನಿಧಾನಗತಿಯ ರಕ್ತ ಕ್ಯಾನ್ಸರಿನಲ್ಲಿ ಕೆಲವರಿಗೆ ವರ್ಷಾನುಗಟ್ಟಲೆ ಚಿಕಿತ್ಸೆಯೇ ಬೇಡ, ಕೆಲವರಿಗೆ ಬೇಗನೆ ಬೇಕಾಗುತ್ತದೆ. ಮುಂದೇನಾಗಬಹುದೆಂಬ ಸುಳಿವು ಕೊಡುವ ಕೋಶದ ಹೊರಮೈ ಗುರುತುಗಳಲ್ಲಿ ಸಿಡಿ38 ಮತ್ತು ಸಿಡಿ49ಡಿ ಮುಖ್ಯವಾದವು. ಕ್ಯಾನ್ಸರ್ ಕೋಶಗಳಲ್ಲಿ ಶೇ. 30 ಅಥವಾ ಹೆಚ್ಚಿನವುಗಳ ಮೇಲೆ ಗುರುತು ಕಂಡರೆ ಸಾಮಾನ್ಯವಾಗಿ ಪಾಸಿಟಿವ್ ಎನ್ನುತ್ತಾರೆ. ಸಿಡಿ38ಕ್ಕೆ ಶೇ. 20 ಅಥವಾ 7ರ ಗೆರೆ ಬಳಸಿದವರೂ ಇದ್ದಾರೆ.

ಈ ಎಣಿಕೆ ನಡೆಯುವುದು ಫ್ಲೋ ಸೈಟೋಮೆಟ್ರಿಯಲ್ಲಿ. ಗುರುತಿಗೆ ಅಂಟುವ, ಬಣ್ಣ ಹೊಳೆಯುವ ಪ್ರತಿಕಾಯಗಳನ್ನು ಟ್ಯೂಬಿನಲ್ಲಿ ರಕ್ತಕ್ಕೆ ಸೇರಿಸಿ, ಯಂತ್ರದಲ್ಲಿ ಕೋಶಗಳನ್ನು ಒಂದೊಂದಾಗಿ ಓದುತ್ತಾರೆ. ತೊಂದರೆ ಶುರುವಾಗುವುದು ಈ ಎಣಿಸುವ ಕಡೆಯೇ. ಸಿಡಿ38 ಕ್ಯಾನ್ಸರ್ ಕೋಶದ್ದಷ್ಟೇ ಸೊತ್ತಲ್ಲ. ರೋಗನಿರೋಧಕ ಕೋಶಗಳಾದ ಚುರುಕಾದ ಟಿ ಕೋಶ, ಎನ್‌ಕೆ ಕೋಶಗಳ ಮೇಲೂ ಇರುತ್ತದೆ. ಲೆಕ್ಕ ಹಾಕಿ ನೋಡೋಣ. 100 ಲಿಂಫೋಸೈಟ್‌ಗಳಲ್ಲಿ (ಒಂದು ಬಗೆಯ ಬಿಳಿ ರಕ್ತಕಣ) 60 ಸಿಎಲ್‌ಎಲ್, 40 ಉಳಿದವು. ಸಿಎಲ್‌ಎಲ್‌ನಲ್ಲಿ 6, ಉಳಿದವುಗಳಲ್ಲಿ 24 ಸಿಡಿ38 ತೋರಿದವು ಎನ್ನಿ. ಎಲ್ಲವನ್ನೂ ಒಂದೇ ಗೇಟಿನಲ್ಲಿ (ಎಣಿಕೆಗೆ ಆಯ್ದ ಕೋಶಗಳ ಗುಂಪು) ಹಿಡಿದರೆ ಶೇ. 30, ಪಾಸಿಟಿವ್. ಸಿಎಲ್‌ಎಲ್ ಕೋಶಗಳನ್ನು ಗುರುತಿಸಲು ನೆರವಾಗುವ ಸಿಡಿ19, ಸಿಡಿ5 ಎರಡೂ ಇರುವ ಕೋಶಗಳನ್ನಷ್ಟೇ ಹಿಡಿದರೆ ಶೇ. 10, ನೆಗೆಟಿವ್. ರಕ್ತ ಅದೇ, ರೋಗಿಯೂ ಅವರೇ! ಅದಕ್ಕೇ ಪ್ರತಿ ಟ್ಯೂಬಿನಲ್ಲೂ ಸಿಡಿ19 ಮತ್ತು ಸಿಡಿ5ರ ಪ್ರತಿಕಾಯಗಳು ಜೊತೆಗಿರಲೇಬೇಕು. ನೆಗೆಟಿವ್ ಗೆರೆ ಎಲ್ಲಿ ಎಳೆಯಬೇಕೆಂದು ತಿಳಿಯಲು, ಸಿಡಿ38ರ ಪ್ರತಿಕಾಯವೊಂದನ್ನು ಮಾತ್ರ ಬಿಟ್ಟು ಉಳಿದೆಲ್ಲ ಹಾಕಿದ ಕಂಟ್ರೋಲ್ ಟ್ಯೂಬನ್ನೂ ಓಡಿಸಬೇಕು.

ಸಿಡಿ49ಡಿ ನನ್ನ ಮಟ್ಟಿಗೆ ಹೆಚ್ಚು ನಂಬಿಕೆಯ ಗುರುತು. ಇದು ಕ್ಯಾನ್ಸರ್ ಕೋಶಕ್ಕೆ ಮಜ್ಜೆ ಮತ್ತು ದುಗ್ಧಗ್ರಂಥಿಯಲ್ಲಿ ಅಂಟಿ ಕೂರಲು ನೆರವಾಗುವ ಇಂಟೆಗ್ರಿನ್ ಎಂಬ ಪ್ರೋಟೀನಿನ ಭಾಗ. ಅಲ್ಲಿ ಕೋಶಕ್ಕೆ ಬದುಕುಳಿಯುವ ಸಂಕೇತಗಳು ಸಿಗುತ್ತವೆ. ಆದರೆ ಶೇಕಡಾವಾರನ್ನಷ್ಟೇ ಓದಬೇಡಿ, ಗ್ರಾಫನ್ನೂ ನೋಡಿ. ಒಂದೇ ಗುಡ್ಡವಿಲ್ಲದೆ ಎರಡು ಗುಡ್ಡ ಕಂಡರೆ, ಅಂಥ ಮಿಶ್ರ ಚಿತ್ರವನ್ನು ಶೇ. 30ಕ್ಕಿಂತ ಕಡಿಮೆ ಬಂದರೂ ವರದಿಯಲ್ಲಿ ಬರೆಯಲೇಬೇಕು.

ಈ ಗುರುತುಗಳನ್ನೇ ನಂಬಿ ಚಿಕಿತ್ಸೆ ಶುರು ಮಾಡುವಂತಿಲ್ಲ. 17ಪಿ ನಷ್ಟ (17ನೇ ಕ್ರೋಮೋಸೋಮಿನ ತುಂಡು ಕಳೆದುಹೋಗುವುದು), ಟಿಪಿ53 ಎಂಬ ಜೀನಿನ ಬದಲಾವಣೆ, ಐಜಿಎಚ್‌ವಿ (ಪ್ರತಿಕಾಯ ರೂಪಿಸುವ ಜೀನು) ಸ್ಥಿತಿಗಳ ತೂಕ ದೊಡ್ಡದು. ಐಜಿಎಚ್‌ವಿ ಜೀನು ಹುಟ್ಟಿನಿಂದ ಬಂದ ಮೂಲ ರೂಪಕ್ಕೆ ಶೇ. 98 ಅಥವಾ ಹೆಚ್ಚು ಹೋಲಿದರೆ ಅದನ್ನು ಬದಲಾಗದ್ದೆಂದು ಪರಿಗಣಿಸುತ್ತಾರೆ. ಇಂಥವರಲ್ಲಿ ರೋಗ ಬೇಗ ಮುಂದುವರಿಯುವ ಸಾಧ್ಯತೆ ಹೆಚ್ಚು. ಆ ಸ್ಥಿತಿ ಬಹುತೇಕ ಹಾಗೇ ಉಳಿಯುತ್ತದೆ, ಸಿಡಿ38 ಮಾತ್ರ ಕಾಲಕ್ರಮೇಣ ಬದಲಾಗಬಹುದು. ಎರಡು ವರ್ಷ ಹಿಂದಿನ ಸಿಡಿ38 ವರದಿ ಹಿಡಿದು ಇಂದು ಮಾತಾಡುವ ಮುನ್ನ ದಿನಾಂಕ ನೋಡಿ, ಯಾವ ಗೇಟಿನಲ್ಲಿ ಎಣಿಸಿದ್ದು ಎಂದು ಲ್ಯಾಬಿಗೆ ಫೋನ್ ಮಾಡಿ ಕೇಳಿ.