ಭುಜದ ಸ್ನಾಯುವಿಗೆ ಕೊಬ್ಬು ತುಂಬಿದ ಮೇಲೆ ತೇಪೆ ನಿಲ್ಲುತ್ತದೆಯೇ?

ಅಡಿಕೆ ಕೊಯ್ಲು ಮುಗಿಯುತ್ತಿದ್ದ ಹಾಗೆ ಶಿರಸಿ, ಸಿದ್ದಾಪುರದ ಕಡೆಯಿಂದ ಹೆಗಲು ನೋವಿನವರು ಬರುವುದು ಜಾಸ್ತಿ. ಕಾರವಾರ, ಅಂಕೋಲಾ ಕಡೆಯ ಮೀನುಗಾರರಿಗೆ ಅಂಥ ಹಂಗಾಮೇನೂ ಇಲ್ಲ, ವರ್ಷವಿಡೀ ಬರುತ್ತಾರೆ. ಕೈಯಲ್ಲಿ ಎಂಆರ್‌ಐ ರಿಪೋರ್ಟ್, ಬಾಯಲ್ಲಿ ಒಂದೇ ಪ್ರಶ್ನೆ: "ಎಷ್ಟು ಹರಿದಿದೆ ಡಾಕ್ಟ್ರೇ?"

ರಿಪೋರ್ಟ್‌ನಲ್ಲಿ ಸೆಂಟಿಮೀಟರ್ ಲೆಕ್ಕ ಇರುತ್ತದೆ. ಹರಿದ ಜಾಗ 3ರಿಂದ 5 ಸೆಂಟಿಮೀಟರ್ ಇದ್ದರೆ ದೊಡ್ಡ ಹರಿತ, 5 ದಾಟಿದರೆ ಭಾರಿ ಹರಿತ. ಆದರೆ ಹೊಲಿಗೆ ಅಥವಾ ತೇಪೆ (ಬೇರೆ ಕಡೆಯ ಪೊರೆ ತಂದು ಸೇರಿಸುವುದು) ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ಹೇಳಲು ನಾನು ಹುಡುಕುವುದು ಬೇರೆ ಚಿತ್ರ. ಹರಿದ ಟೆಂಡನ್‌ನ (ಸ್ನಾಯುವನ್ನು ಮೂಳೆಗೆ ಕಟ್ಟಿರುವ ಹಗ್ಗದಂಥ ಭಾಗ) ಹಿಂದಿರುವ ಸ್ನಾಯು ಯಾವ ಸ್ಥಿತಿಯಲ್ಲಿದೆ ಎಂದು ತೋರಿಸುವ ಚಿತ್ರ ಅದು.

ರೋಟೇಟರ್ ಕಫ್ ಎಂದರೆ ಹೆಗಲ ಮೂಳೆಯಿಂದ ಹೊರಟು ತೋಳಿನ ಮೂಳೆಯ ಗುಂಡನ್ನು ಹಿಡಿದುಕೊಂಡಿರುವ ನಾಲ್ಕು ಸ್ನಾಯುಗಳ ಗುಂಪು. ಮೇಲಿನದು ಸುಪ್ರಾಸ್ಪೈನೇಟಸ್. ಹರಿಯುವುದು ಹೆಚ್ಚಾಗಿ ಅದೇ. ಹರಿತ ಹಿಂದಕ್ಕೆ ಹಬ್ಬಿದರೆ ಹಿಂಬದಿಯ ಸ್ನಾಯು ಇನ್‌ಫ್ರಾಸ್ಪೈನೇಟಸ್ ಕೂಡ ಸಿಕ್ಕಿಹಾಕಿಕೊಳ್ಳುತ್ತದೆ. ಟೆಂಡನ್ ಮೂಳೆಯಿಂದ ಬಿಟ್ಟುಕೊಂಡರೆ ಸ್ನಾಯುವಿಗೆ ಎಳೆಯಲು ಏನೂ ಉಳಿಯುವುದಿಲ್ಲ. ಅದು ಹಿಂದಕ್ಕೆ ಸರಿಯುತ್ತದೆ, ಗಿಡ್ಡವಾಗುತ್ತದೆ, ಸೊರಗುತ್ತದೆ. ತಿಂಗಳುಗಳು ಕಳೆದಂತೆ ಎಳೆಗಳ ನಡುವೆ ಕೊಬ್ಬು ಸೇರಿಕೊಳ್ಳುತ್ತದೆ. ದಪ್ಪ ಇದ್ದವರಿಗೆ ಮಾತ್ರ ಹೀಗಾಗುತ್ತದೆ ಎಂದುಕೊಳ್ಳಬೇಡಿ. ಮರ ಹತ್ತಿ ಅಡಿಕೆ ಕೊನೆ ಇಳಿಸುವ, ಕಡ್ಡಿಯಂತಿರುವ ಕೊನೆಗೌಡನ ಭುಜದಲ್ಲೂ ಇದನ್ನು ನೋಡಿದ್ದೇನೆ.

ಈ ಕೊಬ್ಬನ್ನು ಅಳೆಯುವ ಕ್ರಮವನ್ನು ಫ್ರಾನ್ಸಿನ ವೈದ್ಯ ಗುಟಾಲಿಯೆ ಮತ್ತು ಸಂಗಡಿಗರು 1994ರಲ್ಲಿ ಸಿ.ಟಿ. ಸ್ಕ್ಯಾನ್ ನೋಡಿ ಕೊಟ್ಟರು. ಈಗ ಎಂಆರ್‌ಐಗೂ ಅದೇ ಲೆಕ್ಕ. 0 ಎಂದರೆ ಕೊಬ್ಬಿಲ್ಲ. 1 ಎಂದರೆ ಸಣ್ಣ ಗೆರೆಗಳು. 2ರಲ್ಲಿ ಕೊಬ್ಬು ಇದೆ, ಸ್ನಾಯು ಜಾಸ್ತಿ ಇದೆ. 3ರಲ್ಲಿ ಎರಡೂ ಸಮ. 4ರಲ್ಲಿ ಕೊಬ್ಬೇ ಜಾಸ್ತಿ. 2 ಮತ್ತು 3ರ ನಡುವೆ ಇಬ್ಬರು ವೈದ್ಯರಿಗೆ ಒಮ್ಮತ ಬಾರದಿರುವುದು ಹೊಸದೇನಲ್ಲ. ಟೆಂಡನ್ ತುಂಬ ಹಿಂದೆ ಸರಿದಿದ್ದರೆ ಚಿತ್ರದಲ್ಲಿ ಸ್ನಾಯು ಇರುವುದಕ್ಕಿಂತ ಸಣ್ಣದಾಗಿ ಕಾಣುವುದೂ ಉಂಟು. ಹಾಗಾಗಿ ಬರೀ ಅಂಕಿ ನೋಡಿ ತೀರ್ಮಾನಕ್ಕೆ ಬರುವುದು ನನಗೆ ಒಪ್ಪಿಗೆಯಿಲ್ಲ. ಕೈ ಮುಟ್ಟಿ, ಬಲ ನೋಡಲೇಬೇಕು.

ಇನ್ನು ತೇಪೆಯ ವಿಷಯ. ದೊಡ್ಡ ಹರಿತದಲ್ಲಿ ಟೆಂಡನ್‌ನ ತುದಿ ಮೂಳೆಯವರೆಗೆ ಬರುವುದಿಲ್ಲ. ಬಲವಂತವಾಗಿ ಎಳೆದು ಹೊಲಿದರೆ ಮತ್ತೆ ಹರಿಯುತ್ತದೆ. ಆಗ ತೊಡೆಯ ಹೊರಬದಿಯ ಗಟ್ಟಿ ಪೊರೆಯನ್ನು, ಅಂದರೆ ಫೇಸಿಯಾ ಲೇಟಾವನ್ನು ತೆಗೆದು ನಡುವಿನ ಜಾಗಕ್ಕೆ ಹೊಲಿಯುತ್ತೇವೆ. ಇದೇ ಗ್ರಾಫ್ಟ್. ಅದು ಎಷ್ಟೇ ಗಟ್ಟಿಯಾಗಿದ್ದರೂ ಅದಕ್ಕೆ ಸ್ವಂತ ಎಳೆತ ಇಲ್ಲ. ರಂಪಣಿ ಬಲೆಯ ಹಗ್ಗ ತುಂಡಾದರೆ ಹೊಸ ತುಂಡು ಸೇರಿಸಿ ಗಂಟು ಹಾಕಬಹುದು, ಆದರೆ ದಡದಲ್ಲಿ ಎಳೆಯುವ ಜನ ಬೇಕಲ್ವಾ? 3, 4ನೇ ಹಂತಕ್ಕೆ ಹೋದ ಸ್ನಾಯುವಿನಲ್ಲಿ ಆ ಜನವೇ ಕಡಿಮೆ. ಸಾಲದ್ದಕ್ಕೆ ಅಂಥ ಸ್ನಾಯು ಸೆಟೆದು, ಹಿಗ್ಗದೆ ಕೂತಿರುತ್ತದೆ, ಹೊಲಿಗೆಯ ಮೇಲೆ ಭಾರ ಬೀಳುತ್ತದೆ.

ಇಷ್ಟು ದೊಡ್ಡ ಹರಿತದಲ್ಲಿ ಮೇಲಿನ ಸ್ನಾಯು ಕೆಟ್ಟಿರುವುದು ಸಾಮಾನ್ಯ. ಅದನ್ನು ನೋಡಿಯೇ ನಾನು ಕೈ ಚೆಲ್ಲುವುದಿಲ್ಲ. ನನ್ನ ಮಟ್ಟಿಗೆ ತೀರ್ಪು ಕೊಡುವುದು ಇನ್‌ಫ್ರಾಸ್ಪೈನೇಟಸ್. ತೋಳನ್ನು ಹೊರಕ್ಕೆ ತಿರುಗಿಸುವುದು ಅದರ ಕೆಲಸ. ಭುಜದ ಮುಂಬದಿಯ ಸ್ನಾಯುವಿನ ಜೊತೆ ಸಮತೋಲ ಕಾಯ್ದು ಗುಂಡನ್ನು ಜಾಗದಲ್ಲೇ ಹಿಡಿದಿಡುವುದೂ ಅದೇ. ಅದು ಸೋತರೆ ಹೆಗಲ ಹೊರಗಿನ ದೊಡ್ಡ ಸ್ನಾಯು ಕೈ ಎತ್ತಲು ಹೋಗಿ ಗುಂಡನ್ನೇ ಮೇಲಕ್ಕೆ ದೂಡುತ್ತದೆ. ಇನ್‌ಫ್ರಾಸ್ಪೈನೇಟಸ್ 1 ಅಥವಾ 2ನೇ ಹಂತದಲ್ಲಿದ್ದರೆ ತೇಪೆಯ ಮಾತು ಧೈರ್ಯವಾಗಿ ಆಡುತ್ತೇನೆ. 3, 4 ಆಗಿದ್ದರೆ ನೋವು ಕಡಿಮೆಯಾಗಬಹುದು, ಬಲದ ಭರವಸೆ ಕೊಡುವುದಿಲ್ಲ.

ಪರೀಕ್ಷೆ ಸುಲಭ. ಮೊಣಕೈ ಪಕ್ಕೆಗೆ ಒತ್ತಿ ಮಡಚಿಸಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿ ಬಿಟ್ಟುಬಿಡುತ್ತೇನೆ. ಅದು ಒಳಕ್ಕೆ ಬಿದ್ದರೆ ಹಿಂಬದಿಯ ಸ್ನಾಯು ಸೋತಿದೆ. ಮನೆಯವರೂ ಗಮನಿಸಿರುತ್ತಾರೆ: ಲೋಟ ಬಾಯಿಗೆ ತರುವಾಗ ಮೊಣಕೈ ಮೇಲಕ್ಕೇಳುತ್ತದೆ.

ಜಪಾನಿನ ವೈದ್ಯ ಮಿಹಾತಾ ರೂಢಿಗೆ ತಂದ ಇನ್ನೊಂದು ದಾರಿಯಲ್ಲಿ ಗ್ರಾಫ್ಟನ್ನು ಸ್ನಾಯುವಿಗೆ ಸೇರಿಸದೆ ಹೆಗಲ ಮೂಳೆಗೇ ಬಿಗಿಯುತ್ತಾರೆ, ಗುಂಡು ಮೇಲೇರದಂತೆ ತಡೆಯಲು. ವಯಸ್ಸಾದವರಿಗೆ ರಿವರ್ಸ್ ಕೀಲು ಬದಲಾವಣೆ (ಗುಂಡು, ಬಟ್ಟಲುಗಳ ಜಾಗ ಅದಲುಬದಲು ಮಾಡಿ ಕೃತಕ ಕೀಲು ಕೂರಿಸುವುದು) ಇದೆ.

ತುಂಬಿದ ಕೊಬ್ಬು ಹಿಂದಿರುಗುವುದು ತೀರಾ ಕಡಿಮೆ. ಹೊಲಿಗೆ ಕೂಡಿಕೊಂಡರೂ ಅಷ್ಟೇ, ಮುಂದೆ ಹೆಚ್ಚುವುದು ನಿಂತರೆ ಪುಣ್ಯ. ಅದಕ್ಕೇ ಮಳೆಗಾಲದಲ್ಲಿ ತೋಟದಲ್ಲಿ ಜಾರಿ ಬಿದ್ದು ಕೈ ಏಳದವರು ಎಣ್ಣೆ ತಿಕ್ಕಿಸುತ್ತಾ ಸುಮ್ನೆ ಕೂತರೆ ನನಗೆ ಸಿಟ್ಟು ಬರುತ್ತದೆ. "ಫ್ರೋಜನ್ ಶೋಲ್ಡರ್, ತಾನಾಗಿ ಬಿಡ್ತದೆ" ಅಂತ ಯಾರೋ ಹೇಳಿರುತ್ತಾರೆ. ಫ್ರೋಜನ್ ಶೋಲ್ಡರ್‌ನಲ್ಲಿ ಕೀಲೇ ಬಿಗಿದಿರುತ್ತದೆ, ಬೇರೆಯವರು ಎತ್ತಿದರೂ ಕೈ ಏಳುವುದಿಲ್ಲ. ಹರಿತದಲ್ಲಿ ಸಾಮಾನ್ಯವಾಗಿ ಬೇರೆಯವರು ಎತ್ತಿದರೆ ಏಳುತ್ತದೆ, ನಿಮಗೆ ಎತ್ತಲು ಆಗುವುದಿಲ್ಲ. ಹಾಗೆಂದು ಎಲ್ಲ ಹರಿತಕ್ಕೂ ಆಪರೇಷನ್ ಬೇಡ. ಬಿದ್ದು ಅಲ್ಲ, ವಯಸ್ಸಿಗೆ ಸವೆದು ಹರಿದವರು ಎಷ್ಟೋ ಜನ ವ್ಯಾಯಾಮದಲ್ಲೇ ಚೆನ್ನಾಗಿದ್ದಾರೆ.

ತೇಪೆ ಹಾಕಿಸಿಕೊಂಡವರು ಕೈಯನ್ನು ಸುಮಾರು 6 ವಾರ ಜೋಲಿಯಲ್ಲಿ ಇಡಬೇಕು. ಬಲದ ವ್ಯಾಯಾಮ 3 ತಿಂಗಳ ಮೇಲೆ. ಮರ ಹತ್ತುವುದು, ಬಲೆ ಎಳೆಯುವುದು 6 ತಿಂಗಳೊಳಗೆ ಬೇಡವೇ ಬೇಡ, ಕೆಲವರಿಗೆ ಆಮೇಲೂ ಬೇಡ. ಮುಂದಿನ ಕೊಯ್ಲಿಗೆ ಕರಾರು ಮಾಡಿಕೊಂಡು ಬಂದವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ತೋರಿಸಲು ಹೊರಟರೆ ರಿಪೋರ್ಟ್ ಹಾಳೆಯೊಂದೇ ಒಯ್ಯಬೇಡಿ. ಚಿತ್ರಗಳ ಸಿ.ಡಿ.ಯೂ ಇರಲಿ, ಏಕೆಂದರೆ ಕೊಬ್ಬಿನ ಹಂತ ಎಷ್ಟೋ ರಿಪೋರ್ಟ್‌ಗಳಲ್ಲಿ ಬರೆದೇ ಇರುವುದಿಲ್ಲ. ಸಾದಾ ಎಕ್ಸ್‌ರೇ ಕೂಡ ಇಟ್ಟುಕೊಳ್ಳಿ. ಗುಂಡಿಗೂ ಮೇಲಿನ ಮೂಳೆಗೂ ನಡುವಿನ ಅಂತರ 7 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಗುಂಡು ಆಗಲೇ ಮೇಲೇರಿದೆ ಎಂದು ಅರ್ಥ. ಅಂಥ ಎಕ್ಸ್‌ರೇ ನೋಡಿದ ಮೇಲೆ ಸ್ನಾಯುವಿಗೆ ತೇಪೆ ಹಾಕುವ ಮಾತು ನಾನಂತೂ ಎತ್ತುವುದು ಅಪರೂಪ.